ಮನೆಯಲ್ಲೇ ಕಟ್ಟಿದ ಕಾರು: ಮೈಗೆ ಫೈಬರ್ ಉಂಟು, ನೋಂದಣಿಗೆ ದಾರಿಯಿಲ್ಲ

2021ರ ಡಿಸೆಂಬರ್ ತಿಂಗಳಲ್ಲಿ ಮಹಾರಾಷ್ಟ್ರದ ಸಾಂಗ್ಲಿ ಜಿಲ್ಲೆಯ ದೇವರಾಷ್ಟ್ರೆ ಗ್ರಾಮದ ಕುಶಲಕರ್ಮಿಯೊಬ್ಬರು ಗುಜರಿ ಸಾಮಾನುಗಳಿಂದ ನಿರ್ಮಿಸಿದ ಪುಟ್ಟ ಜೀಪೊಂದು ದೇಶದ ಗಮನ ಸೆಳೆಯಿತು. ಬೈಕಿನಂತೆ ಕಿಕ್ ಹೊಡೆದು ಚಾಲನೆ ಮಾಡುವ ಆ ವಾಹನವನ್ನು ಕಂಡು ಮೆಚ್ಚಿದ ಉದ್ಯಮಿ ಆನಂದ್ ಮಹೀಂದ್ರ, ಅದಕ್ಕೆ ಬದಲಾಗಿ ಹೊಸ ಬೊಲೆರೊ ನೀಡುವುದಾಗಿ ಪ್ರಕಟಿಸಿದರು. 2022ರ ಜನವರಿಯಲ್ಲಿ ಕೊಟ್ಟೂ ಕೊಟ್ಟರು. ಈ ವಾಹನ ನಿಯಮಗಳಿಗೆ ಹೊಂದುವುದಿಲ್ಲವಾದ್ದರಿಂದ ಸ್ಥಳೀಯ ಅಧಿಕಾರಿಗಳು ಇಂದಲ್ಲ ನಾಳೆ ಇದರ ಓಡಾಟವನ್ನು ತಡೆಯುತ್ತಾರೆ ಎಂಬ ಮಾತನ್ನೂ ಅವರು ಅಂದು ಆಡಿದ್ದರು. ಪತ್ರಿಕೆಗಳು ಉಡುಗೊರೆಯ ಸುದ್ದಿಯನ್ನು ಸಂಭ್ರಮದಿಂದ ಪ್ರಕಟಿಸಿದವು. ಆ ಎರಡನೆಯ ಮಾತನ್ನು ಯಾರೂ ಬೆಂಬತ್ತಲಿಲ್ಲ.

ಸ್ವಂತ ಶೆಡ್ಡಿನಲ್ಲಿ ಕಾರು ಕಟ್ಟುವ ಹವ್ಯಾಸಿಗೆ ಹಿಂದೆ ಅತಿ ದೊಡ್ಡ ತೊಡಕಾಗಿದ್ದುದು ಕಾರಿನ ಮೈ. ಎಂಜಿನ್, ಗೇರ್ ಬಾಕ್ಸ್, ಸ್ಟೀರಿಂಗ್, ಬ್ರೇಕುಗಳನ್ನು ಹಳೆಯ ಕಾರೊಂದರಿಂದ ಪಡೆಯಬಹುದು. ಚೌಕ ಪೈಪುಗಳನ್ನು ಬೆಸೆದು ಚಾಸಿಯನ್ನೂ ನಿರ್ಮಿಸಬಹುದು. ಆದರೆ ಬಾಗು ಬಳುಕುಗಳುಳ್ಳ ಬಾನೆಟ್ಟು, ಮಡ್‌ಗಾರ್ಡು, ಬಾಗಿಲುಗಳನ್ನು ಉಕ್ಕಿನ ತಗಡಿನಲ್ಲಿ ತರಲು ಕೋಟಿಗಟ್ಟಲೆ ಬೆಲೆಯ ಪ್ರೆಸ್ಸು ಹಾಗೂ ಡೈಗಳು ಬೇಕು, ಇಲ್ಲವೇ ಜೀವಮಾನವಿಡೀ ಪಳಗಿದ ಟಿಂಕರನ ಕೈ ಬೇಕು. ಈ ತೊಡಕನ್ನು ಬಹುಮಟ್ಟಿಗೆ ನಿವಾರಿಸಿದ್ದು ಫೈಬರ್ ಗ್ಲಾಸ್. ಇಂದು ಭಾರತದಲ್ಲಿ ಫೈಬರ್ ಭಾಗಗಳನ್ನು ತಯಾರಿಸುವ ಸಾಮಗ್ರಿ ಸುಲಭವಾಗಿ ದೊರೆಯುತ್ತದೆ, ಕೆಲಸ ಬಲ್ಲವರೂ ದೊರೆಯುತ್ತಾರೆ. ಮಲ್ಪೆಯಿಂದ ಗಂಗೊಳ್ಳಿಯವರೆಗೆ ಕರಾವಳಿಯ ಮೀನುಗಾರರು ಬಳಸುವ ಸಣ್ಣ ದೋಣಿಗಳು, ಖಾಸಗಿ ಬಸ್ಸುಗಳ ಮುಂಭಾಗದ ಮುಖವಾಡ, ಮೆರವಣಿಗೆಯ ಸ್ತಬ್ಧಚಿತ್ರಗಳ ಆನೆ ಕುದುರೆ, ಎಲ್ಲವೂ ಇದೇ ವಿದ್ಯೆಯ ಫಲ. ಕೊರತೆಯಿರುವುದು ಕಾನೂನಿನ ಕಡೆಯಿಂದ. ಹಾಗೆ ಸಿದ್ಧವಾದ ಕಾರು ರಸ್ತೆಗಿಳಿಯಲು ಯೋಗ್ಯವೇ ಅಲ್ಲವೇ ಎಂದು ಪರೀಕ್ಷಿಸಿ ಹೇಳುವ ಬಾಗಿಲೇ ನಮ್ಮಲ್ಲಿಲ್ಲ.

ಫೈಬರ್ ಕೆಲಸದ ಸ್ವರೂಪವನ್ನು ತುಸು ವಿವರವಾಗಿ ಅರಿತರೆ ಮುಂದಿನ ಚರ್ಚೆಗೆ ನೆರವಾದೀತು. ಮೊದಲಿಗೆ ಬೇಕಾದ ಭಾಗದ ಮೂಲ ಪ್ರತಿಕೃತಿಯನ್ನು ಮರ, ಥರ್ಮೋಕೋಲ್, ಪ್ಲಾಸ್ಟರುಗಳಿಂದ ರೂಪಿಸಿ, ಪುಟ್ಟಿ ಬಳಿದು, ಕನ್ನಡಿಯಂತೆ ಹೊಳೆಯುವವರೆಗೆ ಉಜ್ಜಬೇಕು. ಇಡೀ ಕೆಲಸದ ಸಿಂಹಪಾಲು ಶ್ರಮ ಇಲ್ಲಿಯೇ ವ್ಯಯವಾಗುತ್ತದೆ. ಪ್ರತಿಕೃತಿಯಲ್ಲಿ ಉಳಿದ ಗೀರು ಅಚ್ಚಿಗೆ ಇಳಿಯುತ್ತದೆ, ಅಚ್ಚಿನಿಂದ ಪ್ರತಿಯೊಂದು ಬಾನೆಟ್ಟಿಗೂ ಇಳಿಯುತ್ತದೆ. ಪ್ರತಿಕೃತಿಗೆ ಹಲವು ಸಲ ಮೇಣ ತಿಕ್ಕಿ, ಅದರ ಮೇಲೆ ಫೈಬರ್ ಹೊದಿಸಿ ಅಚ್ಚು ತೆಗೆಯುತ್ತಾರೆ. ಅಚ್ಚು ಪೂರ್ಣವಾಗಿ ಗಟ್ಟಿಯಾದ ಬಳಿಕ ಅದರ ಒಳಮೈಗೆ ಮತ್ತೆ ಮೇಣ, ನಂತರ ಜೆಲ್ ಕೋಟ್ ಎಂಬ ಬಣ್ಣದ ತೆಳು ಲೇಪನ. ಅದು ಕೈಗೆ ಅಂಟುವಷ್ಟು ಗಟ್ಟಿಯಾದಾಗ ಗಾಜಿನೆಳೆಯ ಮ್ಯಾಟನ್ನು ಹಾಸಿ, ಹಾರ್ಡನರ್ ಬೆರೆಸಿದ ಪಾಲಿಯೆಸ್ಟರ್ ರೆಸಿನ್ನನ್ನು ಕುಂಚದಿಂದ ತುಂಬಿ, ಗಾಳಿಗುಳ್ಳೆ ಉಳಿಯದಂತೆ ರೋಲರ್ ಎಳೆಯಬೇಕು.

ಲೆಕ್ಕ ಸರಳವಾಗಿದೆ. ಚದರ ಮೀಟರಿಗೆ 450 ಗ್ರಾಂ ತೂಗುವ ಮ್ಯಾಟಿನ ಒಂದು ಪದರ ರೆಸಿನ್ ಕುಡಿದ ಮೇಲೆ ಸುಮಾರು 1 ಮಿಲಿಮೀಟರ್ ದಪ್ಪವಾಗುತ್ತದೆ. ಒಂದೂವರೆ ಚದರ ಮೀಟರಿನ ಬಾನೆಟ್ಟಿಗೆ ಮೂರು ಪದರವೆಂದರೆ 2 ಕಿಲೋ ಮ್ಯಾಟು, ಅದರ ಎರಡು ಎರಡೂವರೆ ಪಟ್ಟು ರೆಸಿನ್; ಒಟ್ಟು 7 ಕಿಲೋ ಆಸುಪಾಸು. ಇದಕ್ಕೆ ವಿದ್ಯುತ್ ಸಹ ಅನಿವಾರ್ಯವಲ್ಲ. ಬೇಕಾದದ್ದು ಹವೆಯ ಅರಿವು. ಬೇಸಿಗೆಯ ಮಧ್ಯಾಹ್ನ ಹಾರ್ಡನರ್ ತುಸು ಹೆಚ್ಚಾದರೆ ಡಬ್ಬಿಯಲ್ಲಿಯೇ ರೆಸಿನ್ ಕಾದು ಗಟ್ಟಿಯಾಗುತ್ತದೆ. ಮಳೆಗಾಲದಲ್ಲಿ ತೇವ ಹೀರಿದ ಮ್ಯಾಟು ರೆಸಿನ್ನನ್ನು ಸರಿಯಾಗಿ ಹಿಡಿಯದೆ ಪದರಗಳು ಮುಂದೆ ಬಿಟ್ಟುಕೊಳ್ಳುತ್ತವೆ. ಅವಸರದಲ್ಲಿ ಉಳಿದ ಗುಳ್ಳೆಗಳು ಬಣ್ಣ ಬಳಿದು ತಿಂಗಳು ಕಳೆದ ಮೇಲೆ, ಬಿಸಿಲಿಗೆ ನಿಂತ ಕಾರಿನ ಮೈಮೇಲೆ ಬೊಬ್ಬೆಗಳಾಗಿ ಏಳುವುದನ್ನು ಈ ಕಸುಬಿನವರೆಲ್ಲ ಬಲ್ಲರು.

ಈ ವಿದ್ಯೆಯಿಂದ ಕಾರು ತಯಾರಿಸುವ ಪ್ರಯತ್ನಕ್ಕೆ ಕರ್ನಾಟಕ ಹೊಸದೇನಲ್ಲ. ಅಮೆರಿಕದ ಜನರಲ್ ಮೋಟಾರ್ಸ್ 1953ರಲ್ಲಿ ಫೈಬರ್ ಮೈಯ ಕಾರ್ವೆಟ್ ಕಾರನ್ನು ಹೊರತಂದಾಗ ಮೊದಲ ವರ್ಷ ತಯಾರಾದದ್ದು ಕೇವಲ 300. ಕಡಿಮೆ ಸಂಖ್ಯೆಯ ಉತ್ಪಾದನೆಗೆ ಫೈಬರ್ ಒಪ್ಪುತ್ತದೆಂಬುದು ಅಂದೇ ಸ್ಪಷ್ಟವಾಯಿತು. ಬ್ರಿಟನ್ನಿನ ಸಣ್ಣ ಕಂಪೆನಿಗಳು ಇದೇ ಮಾರ್ಗ ಹಿಡಿದವು. ಅವುಗಳಲ್ಲೊಂದಾದ ರಿಲಯಂಟ್ ಕಂಪೆನಿಯ ಕಿಟನ್ ಕಾರನ್ನು ಆಧರಿಸಿ ಬೆಂಗಳೂರಿನ ಸಿಪಾನಿ ಸಂಸ್ಥೆ 1980ರ ದಶಕದ ಆರಂಭದಲ್ಲಿ ಡಾಲ್ಫಿನ್ ಎಂಬ ಫೈಬರ್ ಮೈಯ ಕಾರನ್ನು ಮಾರುಕಟ್ಟೆಗೆ ತಂದಿತು. ಅದಕ್ಕೂ ಮುಂಚೆ, 1970ರ ದಶಕದಲ್ಲಿ, ಬಾದಲ್ ಎಂಬ ಮೂರು ಚಕ್ರದ ಕಾರು ಇದೇ ಊರಿನಲ್ಲಿ ತಯಾರಾಗಿತ್ತು. 848 ಸಿಸಿ ಎಂಜಿನ್ನಿನ ಹಗುರ ಡಾಲ್ಫಿನ್ ರ್‍ಯಾಲಿ ಸ್ಪರ್ಧೆಗಳಲ್ಲಿ ಹೆಸರು ಮಾಡಿತಾದರೂ 1983ರ ಡಿಸೆಂಬರಿನಲ್ಲಿ ಬಂದ ಮಾರುತಿಯ ಮುಂದೆ ನಿಲ್ಲಲಿಲ್ಲ. 2001ರಲ್ಲಿ ಮಾರಾಟಕ್ಕೆ ಬಂದ ಬೆಂಗಳೂರಿನ ರೇವಾ ವಿದ್ಯುತ್ ಕಾರು ಕೂಡ ಉಕ್ಕಿನ ಚೌಕಟ್ಟಿನ ಮೇಲೆ ಪ್ಲಾಸ್ಟಿಕ್ ಹೊದಿಕೆ ತೊಟ್ಟದ್ದು. ಅದು ಫೈಬರ್ ಗ್ಲಾಸಿನ ಬದಲು ಎಬಿಎಸ್ ಎಂಬ ಬೇರೆ ಬಗೆಯ ಪ್ಲಾಸ್ಟಿಕ್ಕು. ಬೆಂಗಳೂರಿಗೆ ಈ ದಿಕ್ಕಿನಲ್ಲಿ ಇಷ್ಟು ಅನುಭವವಿದ್ದೂ ಅದು ಕಾರ್ಖಾನೆಗಳ ಹೊರಗೆ, ಸಾಮಾನ್ಯ ಹವ್ಯಾಸಿಯ ಕೈಗೆ ಎಟುಕದೆ ಹೋದದ್ದಕ್ಕೆ ಕಾರಣವನ್ನು ಕಾನೂನಿನಲ್ಲಿಯೇ ಹುಡುಕಬೇಕು.

1988ರ ಮೋಟಾರು ವಾಹನ ಕಾಯ್ದೆಯ 39ನೇ ಸೆಕ್ಷನ್ ಪ್ರಕಾರ ನೋಂದಣಿಯಿಲ್ಲದ ವಾಹನವನ್ನು ಸಾರ್ವಜನಿಕ ಸ್ಥಳದಲ್ಲಿ ಓಡಿಸುವಂತಿಲ್ಲ. ನೋಂದಣಿಗೆ ಆರ್‌ಟಿಒ ಕಚೇರಿಗೆ ಹೋದರೆ ಮೊದಲು ಕೇಳುವುದು ಮಾರಾಟದ ಪ್ರಮಾಣಪತ್ರವಾದ 21ನೇ ನಮೂನೆ ಹಾಗೂ ತಯಾರಕರು ನೀಡುವ ರಸ್ತೆಯೋಗ್ಯತೆಯ 22ನೇ ನಮೂನೆ. ಮನೆಯಲ್ಲಿ ಕಾರು ಕಟ್ಟಿದವನಿಗೆ ಇವೆರಡನ್ನೂ ಕೊಡುವವರಿಲ್ಲ. ತಾನೇ ತಯಾರಕ ಎಂದು ಘೋಷಿಸಿಕೊಳ್ಳೋಣವೆಂದರೆ, ಕೇಂದ್ರ ಮೋಟಾರು ವಾಹನ ನಿಯಮಾವಳಿಯ 126ನೇ ನಿಯಮ ಎದುರಾಗುತ್ತದೆ: ಪ್ರತಿಯೊಬ್ಬ ತಯಾರಕನೂ ತನ್ನ ವಾಹನದ ಮೂಲಮಾದರಿಯನ್ನು ಪುಣೆಯ ಎಆರ್‌ಎಐ, ಮಾನೇಸರದ ಐಕ್ಯಾಟ್ ಮುಂತಾದ ಸಂಸ್ಥೆಗಳಲ್ಲಿ ಪರೀಕ್ಷೆಗೊಳಪಡಿಸಬೇಕು. ಸಾವಿರಾರು ವಾಹನಗಳನ್ನು ಮಾರುವ ಕಂಪೆನಿಗೆಂದು ರೂಪಿಸಿದ ಈ ಪರೀಕ್ಷೆಗಳಲ್ಲಿ ಕೆಲವನ್ನು ನಡೆಸಲು ವಾಹನವನ್ನೇ ಡಿಕ್ಕಿ ಹೊಡೆಸಿ ನುಚ್ಚುನೂರು ಮಾಡಬೇಕಾಗುತ್ತದೆ. ಇರುವುದೊಂದೇ ಕಾರು, ಅದನ್ನು ಒಡೆದು ತೇರ್ಗಡೆಯಾದ ಮೇಲೆ ನೋಂದಣಿ ಮಾಡಿಸುವುದಾದರೂ ಯಾವುದನ್ನು?

ಕಾನೂನಿಗೆ ಮೈ ಕಟ್ಟುವವರ ಪರಿಚಯವೇ ಇಲ್ಲವೆಂದಲ್ಲ. ಬಸ್ಸು, ಲಾರಿಗಳನ್ನು ಬರಿಯ ಚಾಸಿಯಾಗಿ ಕೊಂಡು ಬೇರೆಡೆ ಬಾಡಿ ಕಟ್ಟಿಸುವ ಪದ್ಧತಿ ಹಳೆಯದು. ಅದಕ್ಕೆಂದೇ ಚಾಸಿ ತಯಾರಕ ಮತ್ತು ಬಾಡಿ ಬಿಲ್ಡರ್ ಇಬ್ಬರೂ ಪ್ರತ್ಯೇಕವಾಗಿ ಭರ್ತಿ ಮಾಡುವ 22-ಎ ನಮೂನೆಯಿದೆ. ಜವಾಬ್ದಾರಿಯನ್ನು ಇಬ್ಬರ ನಡುವೆ ಹಂಚುವ ಈ ವಿವೇಕ ಕಾರಿನ ವಿಷಯದಲ್ಲಿ ಕಾಣುವುದಿಲ್ಲ.

ಇನ್ನು ಹಳೆಯ ಕಾರಿನ ನೋಂದಣಿ ಉಳಿಸಿಕೊಂಡು ಅದರ ಚಾಸಿಗೆ ಹೊಸ ಫೈಬರ್ ಮೈ ತೊಡಿಸುವ ಮಾರ್ಗ. 2000ದ ತಿದ್ದುಪಡಿಯ ಬಳಿಕ 52ನೇ ಸೆಕ್ಷನ್ ಈ ಮಾರ್ಗವನ್ನೂ ಬಹುಪಾಲು ಮುಚ್ಚಿದೆ. ನೋಂದಣಿ ಪತ್ರದಲ್ಲಿನ ವಿವರಗಳು ತಯಾರಕರು ಮೂಲದಲ್ಲಿ ನಮೂದಿಸಿದ್ದಕ್ಕಿಂತ ಭಿನ್ನವಾಗುವಂತೆ ಮಾಲೀಕ ವಾಹನವನ್ನು ಮಾರ್ಪಡಿಸುವಂತಿಲ್ಲ ಎಂಬುದು ಅದರ ತಿರುಳು. ಕೇರಳದ ಪ್ರಕರಣವೊಂದರಲ್ಲಿ 2019ರ ಜನವರಿ 9ರಂದು ತೀರ್ಪು ನೀಡಿದ ಸುಪ್ರೀಂ ಕೋರ್ಟ್ ಇದನ್ನು ಎತ್ತಿಹಿಡಿಯಿತು. ಎಲ್ಲ ಬದಲಾವಣೆಯೂ ನಿಷಿದ್ಧವೆಂದು ನ್ಯಾಯಾಲಯ ಹೇಳಲಿಲ್ಲ. ತಯಾರಕರ ಮೂಲ ನಮೂದುಗಳಿಗೆ ವ್ಯತಿರಿಕ್ತವಾದುದಕ್ಕೆ ಅವಕಾಶವಿಲ್ಲವೆಂದಿತು. ಈ ಸೂಕ್ಷ್ಮ ಭೇದ ರಸ್ತೆಬದಿಯ ತಪಾಸಣೆಯಲ್ಲಿ ಎಷ್ಟರಮಟ್ಟಿಗೆ ಉಳಿಯುತ್ತದೆ ಎಂಬುದನ್ನು ಓದುಗರ ಊಹೆಗೇ ಬಿಡಬಹುದು. ಅದೇ ವರ್ಷ ಸಂಸತ್ತು ಅಂಗೀಕರಿಸಿದ ತಿದ್ದುಪಡಿ ಕಾಯ್ದೆ 182-ಎ ಸೆಕ್ಷನ್ನಿನ ಮೂಲಕ ಅಕ್ರಮ ಮಾರ್ಪಾಡಿಗೆ ಆರು ತಿಂಗಳವರೆಗಿನ ಸೆರೆವಾಸ, ಇಲ್ಲವೇ ಪ್ರತಿ ಮಾರ್ಪಾಡಿಗೆ 5 ಸಾವಿರ ರೂಪಾಯಿ ದಂಡ, ಅಥವಾ ಎರಡನ್ನೂ ವಿಧಿಸಿತು.

ಸರ್ಕಾರದ ಪಕ್ಷದಲ್ಲಿ ಬಲವಾದ ವಾದವಿದೆ, ಅದನ್ನು ಅಲ್ಲಗಳೆಯಲಾಗದು. 2022ರಲ್ಲಿ ದೇಶದ ರಸ್ತೆಗಳಲ್ಲಿ 1,68,491 ಮಂದಿ ಪ್ರಾಣ ಕಳೆದುಕೊಂಡರು. ಇಂಥ ದೇಶದಲ್ಲಿ ಯಾರು ಬೇಕಾದರೂ ಕಟ್ಟಿದ ಕಾರನ್ನು ಹೆದ್ದಾರಿಗೆ ಬಿಡುವುದೇ? ಫೈಬರ್ ಗ್ಲಾಸಿನ ಗುಣವೂ ಈ ಆತಂಕಕ್ಕೆ ಇಂಬು ಕೊಡುತ್ತದೆ. ಉಕ್ಕಿನ ತಗಡು ಡಿಕ್ಕಿಯಲ್ಲಿ ಸುಕ್ಕುಗಟ್ಟಿ ಆಘಾತವನ್ನು ಹೀರಿಕೊಳ್ಳುತ್ತದೆ. ಕೈಯಿಂದ ಹಾಸಿದ ಫೈಬರ್ ಬಿರಿದು ಚೂಪಾದ ಚೂರುಗಳಾಗುತ್ತದೆ. ಸಾಮಾನ್ಯ ಪಾಲಿಯೆಸ್ಟರ್ ರೆಸಿನ್ ಬೆಂಕಿ ಹಿಡಿದರೆ ಕಪ್ಪು ಹೊಗೆಯುಗುಳುತ್ತ ಉರಿಯುತ್ತದೆ. 2007ರಲ್ಲಿ ಲಂಡನ್ನಿನ ರಸ್ತೆಗಳಲ್ಲಿ ಓಡುತ್ತಿದ್ದ ರೇವಾ ಕಾರಿನ ಡಿಕ್ಕಿ ಪರೀಕ್ಷೆಯೊಂದರ ಫಲಿತಾಂಶ ಬ್ರಿಟನ್ನಿನಲ್ಲಿ ದೊಡ್ಡ ವಿವಾದ ಎಬ್ಬಿಸಿದ್ದನ್ನು ಇಲ್ಲಿ ನೆನೆಯಬಹುದು. ಕಾರ್ಖಾನೆಯಲ್ಲಿ ತಯಾರಾದ ಕಾರಿನ ಗತಿಯೇ ಹೀಗಾದರೆ ಶೆಡ್ಡಿನ ಕಾರಿನ ಪಾಡೇನು ಎಂಬ ಪ್ರಶ್ನೆ ನ್ಯಾಯವಾದದ್ದೇ.

ಆದರೆ ಈ ಪ್ರಶ್ನೆಗೆ ಉತ್ತರ ಹುಡುಕಲು ಬೇಕಾದದ್ದು ಪರೀಕ್ಷೆ. ನಮ್ಮಲ್ಲಿರುವುದು ನಿಷೇಧ. ಫೈಬರ್ ಮೈಯ ಕಾರಿನಲ್ಲಿ ಜೀವ ಕಾಯುವುದು ಒಳಗಿನ ಚೌಕಟ್ಟು. ಹೊರಮೈ ಹೆಚ್ಚಾಗಿ ಹೊದಿಕೆ ಮಾತ್ರ. ಸೀಟ್ ಬೆಲ್ಟಿನ ಕೊಂಡಿಯನ್ನು ಚೌಕಟ್ಟಿಗೆ ಬಿಗಿದಿದೆಯೋ ಅಥವಾ ಬರಿಯ ಫೈಬರಿಗೆ ಬೋಲ್ಟ್ ಹಾಕಿದೆಯೋ, ಬಾಗಿಲಿನ ಕೀಲುಗಳ ಹಿಂದೆ ಉಕ್ಕಿನ ಪಟ್ಟಿ ಹುದುಗಿಸಿದೆಯೋ ಇಲ್ಲವೋ, ಇಂಧನ ಟ್ಯಾಂಕಿಗೂ ಆಸನಕ್ಕೂ ನಡುವೆ ಬೆಂಕಿ ತಡೆವ ಗೋಡೆಯಿದೆಯೋ, ಪಾದಚಾರಿಗೆ ತಗಲುವ ಅಂಚುಗಳನ್ನು ದುಂಡಗೆ ಮಾಡಿದೆಯೋ, ಇವೆಲ್ಲವನ್ನೂ ಅನುಭವಿ ಎಂಜಿನಿಯರ್ ವಾಹನವನ್ನು ಒಡೆಯದೆಯೇ ಅರ್ಧ ದಿನದಲ್ಲಿ ನೋಡಿ ಹೇಳಬಲ್ಲ. ಯಾರೂ ನೋಡದಿದ್ದರೆ ಏನಾಗುತ್ತದೆ? ಕಾರ್ಖಾನೆಯ ಬಂಪರ್ ಕಿತ್ತು, ಅದರೊಳಗಿನ ಉಕ್ಕಿನ ಅಡ್ಡಪಟ್ಟಿಯನ್ನೂ ಕಿತ್ತು, ಬರಿಯ ಫೈಬರ್ ಮುಖವಾಡ ಅಂಟಿಸಿಕೊಂಡ ಕಾರು ಸಕ್ರಮ ನೋಂದಣಿ ಫಲಕದೊಡನೆ ರಾಜಾರೋಷವಾಗಿ ಓಡಾಡುತ್ತದೆ. ಕೆಲಸ ಮಾಡಿಕೊಟ್ಟ ಗ್ಯಾರೇಜು ಬಿಲ್ಲು ಕೊಡುವುದಿಲ್ಲ; ಅಪಘಾತವಾದರೆ ಹೊಣೆ ಹೊರುವವರೂ ಇಲ್ಲ.

ಬ್ರಿಟನ್ನಿನ ಅನುಭವವನ್ನು ಇಲ್ಲಿ ಪರಿಶೀಲಿಸಬಹುದು. ಅಲ್ಲಿ ಕಿಟ್ ಕಾರು ಕಟ್ಟುವುದು ದಶಕಗಳ ಹವ್ಯಾಸ. 1998ರಲ್ಲಿ ಒಂಟಿ ವಾಹನಗಳ ಅನುಮೋದನೆಯ ಪದ್ಧತಿ ಜಾರಿಗೆ ಬಂತು; 2009ರಿಂದ ಅದರ ಸ್ಥಾನದಲ್ಲಿ ಐವಿಎ ಎಂಬ ಪರೀಕ್ಷೆ ನಡೆಯುತ್ತಿದೆ. ಹವ್ಯಾಸಿಯು ತಾನೇ ಕಟ್ಟಿದ್ದೆಂಬುದಕ್ಕೆ ನಿರ್ಮಾಣದ ಹಂತಹಂತದ ಛಾಯಾಚಿತ್ರ, ರಸೀತಿಗಳನ್ನು ಒದಗಿಸಬೇಕು. ಬ್ರೇಕು, ಸ್ಟೀರಿಂಗ್, ದೀಪ, ಹೊಗೆ, ಶಬ್ದ, ಸೀಟ್ ಬೆಲ್ಟಿನ ಬಿಗಿತ, ಹೊರಚಾಚಿದ ಅಂಚುಗಳು ಎಲ್ಲವನ್ನೂ ಪರಿಶೀಲಿಸುತ್ತಾರೆ. ಅಂಚು ಚೂಪಾಗಿದ್ದರೆ ಕಾರು ಮನೆಗೆ ವಾಪಸು; ತಿದ್ದಿಕೊಂಡು ಮತ್ತೆ ಬರಬೇಕು. ವಿವಿಧ ಮೂಲಗಳ ಭಾಗಗಳಿಂದ ಕೂಡಿದ, ವಯಸ್ಸು ಗೊತ್ತಾಗದ ವಾಹನಕ್ಕೆ ಕ್ಯೂ ಅಕ್ಷರದ ಸಂಖ್ಯೆ ಕೊಡುತ್ತಾರೆ; ಅದನ್ನು ಕೊಳ್ಳುವವನಿಗೆ ಕಾರಿನ ಜಾತಕ ನೋಟಕ್ಕೇ ತಿಳಿಯುತ್ತದೆ. ಅಮೆರಿಕದ ಕ್ಯಾಲಿಫೋರ್ನಿಯ ರಾಜ್ಯದ ಉಪಾಯ ಬೇರೆ. ವಿಶೇಷವಾಗಿ ಕಟ್ಟಿದ ವಾಹನಗಳಲ್ಲಿ ವರ್ಷಕ್ಕೆ 500ಕ್ಕೆ ಮಾತ್ರ ಹೊಗೆ ನಿಯಮದಲ್ಲಿ ರಿಯಾಯಿತಿ ಕೊಡುವ ಕಾನೂನನ್ನು ಅದು 2001ರಲ್ಲಿ ಮಾಡಿತು. ಸಂಖ್ಯೆಗೆ ಕಡಿವಾಣ ಹಾಕಿದರೆ ದುರುಪಯೋಗದ ಭಯವೂ ಅಷ್ಟರಮಟ್ಟಿಗೆ ಕಡಿಮೆಯಾಗುತ್ತದೆ.

ಭಾರತದ ಆಡಳಿತಕ್ಕೆ ಹೊಸ ವರ್ಗವೊಂದನ್ನು ಸೃಷ್ಟಿಸುವುದು ಅಸಾಧ್ಯವೆಂಬ ಮಾತನ್ನು ಕಳೆದ ಕೆಲವು ವರ್ಷಗಳ ಅನುಭವ ಸುಳ್ಳಾಗಿಸಿದೆ. ಕಾರೂ ಅಲ್ಲದ, ಆಟೋರಿಕ್ಷಾವೂ ಅಲ್ಲದ ನಾಲ್ಕು ಚಕ್ರದ ಹಗುರ ವಾಹನವನ್ನು ಉದ್ಯಮ ಸಿದ್ಧಪಡಿಸಿದಾಗ ಕ್ವಾಡ್ರಿಸೈಕಲ್ ಎಂಬ ವರ್ಗವೇ ಹುಟ್ಟಿತು. 2018ರ ನವೆಂಬರಿನಲ್ಲಿ ಅದನ್ನು ಖಾಸಗಿ ಬಳಕೆಗೂ ಅಂಗೀಕರಿಸಲಾಯಿತು. 2021ರ ಜುಲೈನಲ್ಲಿ 50 ವರ್ಷ ಮೀರಿದ ವಿಂಟೇಜ್ ವಾಹನಗಳಿಗೆ ಪ್ರತ್ಯೇಕ ನೋಂದಣಿ, ‘ವಿಎ’ ಅಕ್ಷರಗಳ ಫಲಕ, 20 ಸಾವಿರ ರೂಪಾಯಿ ಶುಲ್ಕ ನಿಗದಿಯಾಯಿತು. ಇಂಥ ಕಾರುಗಳ ಮಾಲೀಕರು ಸಂಖ್ಯೆಯಲ್ಲಿ ಅಲ್ಪರು, ಸಂಪನ್ನರು, ಸಂಘಟಿತರು. ಆ ನಿಯಮ ತಪ್ಪೆಂದು ಯಾರೂ ಹೇಳರು. ಆದರೆ ಸಿರಿವಂತರ ಹವ್ಯಾಸಕ್ಕೆ ದೊರೆತ ಕಾನೂನಿನ ಆಶ್ರಯ ಕುಶಲಕರ್ಮಿಯ ಹವ್ಯಾಸಕ್ಕೆ ದೊರೆಯದಿರುವುದು ಕಣ್ಣಿಗೆ ರಾಚುವಂತಿದೆ. ವಿಂಟೇಜ್ ನಿಯಮದಲ್ಲಿಯೂ ಚಾಸಿ, ಹೊರಕವಚ, ಎಂಜಿನ್ನುಗಳಲ್ಲಿ ಗಣನೀಯ ಬದಲಾವಣೆಗೆ ಅವಕಾಶವಿಲ್ಲ. ತುಕ್ಕು ಹಿಡಿದು ಉದುರಿದ ಮೈಯನ್ನು ಸಾರಾಸಗಟಾಗಿ ಫೈಬರಿನಲ್ಲಿ ಎರಕ ಹೊಯ್ದು ತೊಡಿಸಿದವರು ಅಲ್ಲಿಯೂ ತೊಂದರೆಗೆ ಸಿಲುಕಬಹುದು.

ಈ ಚರ್ಚೆಯಲ್ಲಿ ಯಾರೂ ಪ್ರಸ್ತಾಪಿಸದ ಇನ್ನೊಂದು ಮುಖ ಕೆಲಸಗಾರರ ಆರೋಗ್ಯ. ಪಾಲಿಯೆಸ್ಟರ್ ರೆಸಿನ್ನಿನ ಘಾಟು ವಾಸನೆಗೆ ಕಾರಣವಾದ ಸ್ಟೈರೀನ್ ಮನುಷ್ಯರಲ್ಲಿ ಬಹುಶಃ ಕ್ಯಾನ್ಸರ್‌ಕಾರಕವೆಂದು ವಿಶ್ವ ಆರೋಗ್ಯ ಸಂಸ್ಥೆಯ ಅಂಗವಾದ ಐಎಆರ್‌ಸಿ 2018ರಲ್ಲಿ ವರ್ಗೀಕರಿಸಿತು. ಹಾರ್ಡನರ್ ಕಣ್ಣಿಗೆ ಸಿಡಿದರೆ ದೃಷ್ಟಿಯೇ ಹೋಗಬಹುದು. ರೆಸಿನ್ನನ್ನು ಚುರುಕುಗೊಳಿಸಲು ಬಳಸುವ ಕೋಬಾಲ್ಟ್ ದ್ರಾವಣವನ್ನೂ ಹಾರ್ಡನರನ್ನೂ ನೇರವಾಗಿ ಬೆರೆಸಿದರೆ ಬೆಂಕಿ ಏಳುತ್ತದೆ, ಸ್ಫೋಟಿಸಲೂಬಹುದು; ಒಂದನ್ನು ರೆಸಿನ್ನಿನಲ್ಲಿ ಪೂರ್ತಿ ಕಲಸಿದ ನಂತರವೇ ಇನ್ನೊಂದನ್ನು ಸೇರಿಸಬೇಕು. ಒಣಗಿದ ಮೇಲೆ ಉಜ್ಜುವಾಗ ಹಾರುವ ಗಾಜಿನ ಧೂಳು ಚರ್ಮಕ್ಕೂ ಶ್ವಾಸಕೋಶಕ್ಕೂ ಕೆಡುಕು. ಮುಖಕ್ಕೆ ಕರವಸ್ತ್ರ ಕಟ್ಟಿಕೊಂಡು, ಬರಿಗೈಯಲ್ಲಿ ಈ ಕೆಲಸ ಮಾಡುವ ಹುಡುಗರು ನಮ್ಮ ಕೈಗಾರಿಕಾ ಬಡಾವಣೆಗಳ ಹಿಂಬೀದಿಗಳಲ್ಲಿದ್ದಾರೆ. ಮನೆಯ ಗ್ಯಾರೇಜಿನಲ್ಲಿ ಕಿಟಕಿ ಮುಚ್ಚಿ ಕೆಲಸ ಮಾಡುವ ಹವ್ಯಾಸಿಯ ಪಾಡು ಇದಕ್ಕಿಂತ ಭಿನ್ನವಲ್ಲ. ಕದ್ದುಮುಚ್ಚಿ ನಡೆಯುವ ಕಸುಬಿಗೆ ಸುರಕ್ಷತೆಯ ಪಾಠ ತಲುಪುವುದು ಕಷ್ಟ.

ತುಂಡಾದ, ಹಳತಾದ ಫೈಬರಿನ ವಿಲೇವಾರಿಯೂ ಸುಲಭವಲ್ಲ. ಉಕ್ಕನ್ನು ಗುಜರಿಯವನು ತೂಕಕ್ಕೆ ಕೊಳ್ಳುತ್ತಾನೆ. ಒಮ್ಮೆ ಗಟ್ಟಿಯಾದ ಪಾಲಿಯೆಸ್ಟರನ್ನು ಮತ್ತೆ ಕರಗಿಸಿ ಎರಕ ಹೊಯ್ಯಲಾಗದು.

ಪರಿಹಾರದ ಸುಳಿವು 2019ರ ತಿದ್ದುಪಡಿಯಲ್ಲಿಯೇ ಅಡಗಿದೆ. ಆಗ ಸೇರ್ಪಡೆಯಾದ 2-ಬಿ ಸೆಕ್ಷನ್, ವಾಹನ ತಂತ್ರಜ್ಞಾನದಲ್ಲಿ ನಾವೀನ್ಯ ಹಾಗೂ ಸಂಶೋಧನೆಗಳನ್ನು ಉತ್ತೇಜಿಸುವ ಸಲುವಾಗಿ ಕೆಲವು ಬಗೆಯ ವಾಹನಗಳಿಗೆ ಕಾಯ್ದೆಯಿಂದ ವಿನಾಯಿತಿ ನೀಡುವ ಅಧಿಕಾರವನ್ನು ಕೇಂದ್ರಕ್ಕೆ ಕೊಡುತ್ತದೆ. ಪ್ರಯೋಗಕ್ಕೆ ತಡೆಯಾಗಬಾರದೆಂಬ ತತ್ತ್ವವನ್ನು ಸಂಸತ್ತು ಒಪ್ಪಿಕೊಂಡಾಗಿದೆ. ಅದರ ನೆರಳಿನಲ್ಲಿ ಒಂಟಿ ವಾಹನಕ್ಕೆ ಸೀಮಿತ ವೇಗ, ಸೀಮಿತ ಸಂಖ್ಯೆ, ಪ್ರತ್ಯೇಕ ಫಲಕ, ಮಾರಾಟಕ್ಕೆ ನಿರ್ಬಂಧಗಳೊಡನೆ ತಪಾಸಣೆಯ ವ್ಯವಸ್ಥೆ ರೂಪಿಸಲು ಕೇಂದ್ರ ಸಾರಿಗೆ ಸಚಿವಾಲಯ ಮನಸ್ಸು ಮಾಡಬೇಕು. ನೋಂದಣಿ ಮಾಡುವುದು ರಾಜ್ಯದ ಆರ್‌ಟಿಒಗಳೇ ಆದರೂ ನಿಯಮದ ಕೀಲಿಕೈ ದೆಹಲಿಯಲ್ಲಿದೆ. ಈ ವಿಷಯದಲ್ಲಿ ಬೆಂಗಳೂರು ಶಿಫಾರಸು ಮಾಡಬಹುದೇ ಹೊರತು ಬೇರೇನೂ ಮಾಡಲಾಗದು. ನೋಂದಣಿಯಿಲ್ಲದೆ ವಿಮೆಯಿಲ್ಲ, ವಿಮೆಯಿಲ್ಲದ ಕಾರು ಯಾರಿಗಾದರೂ ತಾಗಿದರೆ ಗಾಯಾಳುವಿಗೆ ಪರಿಹಾರ ಸಿಗುವುದು ದುಸ್ತರ. ಆದ್ದರಿಂದ ಇದು ಕೇವಲ ಹವ್ಯಾಸಿಗಳ ಅಹವಾಲು ಎಂದು ಬದಿಗಿಡುವಂತಿಲ್ಲ.

ಒಂಟಿ ವಾಹನವನ್ನು ತಪಾಸಣೆ ಮಾಡುವ ಪರಿಣತಿ ದೇಶದಲ್ಲಿಲ್ಲವೆಂಬ ನೆಪಕ್ಕೂ ಹುರುಳಿಲ್ಲ. ಕೊಯಮತ್ತೂರಿನ ಕರಿ ಮೋಟಾರ್ ಸ್ಪೀಡ್‌ವೇಯಲ್ಲಿ ನಡೆಯುತ್ತ ಬಂದಿರುವ ಫಾರ್ಮುಲಾ ಭಾರತ್ ಸ್ಪರ್ಧೆಗೆ ಎಂಜಿನಿಯರಿಂಗ್ ಕಾಲೇಜುಗಳ ವಿದ್ಯಾರ್ಥಿಗಳು ತಾವೇ ಬೆಸೆದ ಚೌಕಟ್ಟು, ತಾವೇ ಅಚ್ಚು ತೆಗೆದ ಫೈಬರ್ ಮೈಗಳ ಕಾರುಗಳನ್ನು ತರುತ್ತಾರೆ. ಓಟಕ್ಕೆ ಮುನ್ನ ಪ್ರತಿಯೊಂದು ಕಾರನ್ನೂ ತಾಂತ್ರಿಕ ಪರಿಶೀಲಕರು ಬಿಚ್ಚಿ ನೋಡುತ್ತಾರೆ, 60 ಡಿಗ್ರಿ ವಾಲಿಸಿ ಇಂಧನ ಸೋರುವುದೇ ಎಂದು ಪರೀಕ್ಷಿಸುತ್ತಾರೆ, ಬ್ರೇಕು ಒತ್ತಿದಾಗ ನಾಲ್ಕೂ ಚಕ್ರ ಬಿಗಿಯುವುದೇ ಎಂದು ಓಡಿಸಿ ನೋಡುತ್ತಾರೆ, ಶಬ್ದ ಅಳೆಯುತ್ತಾರೆ. ತೇರ್ಗಡೆಯಾಗದ ಕಾರು ಟ್ರ್ಯಾಕಿಗೆ ಇಳಿಯುವುದಿಲ್ಲ. ತೇರ್ಗಡೆಯಾದ ಕಾರಿಗೆ ಅಂಟಿಸಿದ ಚೀಟಿಗೆ ಸ್ಪರ್ಧಾಂಗಣದ ಗೇಟಿನಾಚೆ ಬೆಲೆಯಿಲ್ಲ. ಅಲ್ಲಿಂದ ಅದು ಊರಿಗೆ ಮರಳುವುದು ಲಾರಿಯ ಮೇಲೆ.